ಆ ಶಾಟ್ ಯಾರದು? ದಾವಣಗೆರೆಯ ಒಂದು ಏರ್ ಪಿಸ್ತೂಲ್ ಹಾಲ್‌ನಲ್ಲಿ ಶಾಟ್ ಟೈಮರ್ ಕಟ್ಟಿದ ಪ್ರಕರಣ

ಹತ್ತು ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ 60 ಶಾಟ್ ಹೊಡೆಯಬೇಕು. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ ಅದಕ್ಕೆ 75 ನಿಮಿಷ ಕೊಡುತ್ತಾರೆ. ಅಂದರೆ ಒಂದು ಶಾಟ್‌ಗೆ 75 ಸೆಕೆಂಡ್. ಪಿಸ್ತೂಲ್ ಎತ್ತಿ, ಗುರಿ ಹಿಡಿದು, ಟ್ರಿಗರ್ ಒತ್ತುವುದಕ್ಕೆ ಇದು ಧಾರಾಳವಾಯಿತು. ಆದರೂ ಸಮಯ ಸಾಲುವುದಿಲ್ಲ ಅನ್ನುವ ಭಯ ಕೆಲವರನ್ನು ಬಿಡುವುದಿಲ್ಲ. ಇಲ್ಲಿ ಬರೆಯುತ್ತಿರುವುದು ಅಂಥ ಒಬ್ಬ ಹುಡುಗಿಯ ವಿಷಯ. ಆ ಭಯ ನಿಜವೋ ಸುಳ್ಳೋ ಅಂತ ಅಳೆಯಲು ಕಟ್ಟಿದ ಒಂದು ಸಣ್ಣ ಯಂತ್ರದ ವಿಷಯವೂ ಹೌದು.

ಹುಡುಗಿ ದಾವಣಗೆರೆಯವಳು, ಎರಡನೇ ಪಿಯುಸಿ. ಅಭ್ಯಾಸ ಮಾಡುವುದು ಹಳೆಯ ಅಕ್ಕಿ ಗಿರಣಿಯೊಂದರ ಗೋಡೌನ್‌ನಲ್ಲಿ. ಮೇಲೆ ತಗಡಿನ ಶೀಟ್, ಮೂರು ಕಡೆ ಗೋಡೆ, ಕೆಳಗೆ ಸಿಮೆಂಟ್ ನೆಲ. ಪಕ್ಕಪಕ್ಕ ಕೆಲವು ಲೇನ್‌ಗಳು. ಟಾರ್ಗೆಟ್ ಕಾಗದದ್ದು. ಹಗ್ಗದ ರಾಟೆ ತಿರುಗಿಸಿ ಕಾರ್ಡ್ ಕಳಿಸಬೇಕು, ಮತ್ತೆ ತಿರುಗಿಸಿ ತರಿಸಿಕೊಳ್ಳಬೇಕು. ಕಾರ್ಡಿನ ಹಿಂದೆ ಪೆಲೆಟ್, ಅಂದರೆ ಏರ್ ಪಿಸ್ತೂಲಿನ ಸಣ್ಣ ಗುಂಡು, ಹಿಡಿಯುವ ಕಬ್ಬಿಣದ ತಗಡಿನ ಪೆಟ್ಟಿಗೆ. ಶೂಟರ್‌ಗಳು ಅದನ್ನು ಟ್ರಾಪ್ ಅನ್ನುತ್ತಾರೆ.

ಅವಳ ತೊಂದರೆ ಸ್ಕೋರ್ ಹಾಳೆಯಲ್ಲೇ ಕಾಣುತ್ತಿತ್ತು. ಹತ್ತು ಶಾಟ್‌ಗೆ ಒಂದು ಸೀರೀಸ್, ಒಟ್ಟು ಆರು ಸೀರೀಸ್. ಮೊದಲ ನಾಲ್ಕು ಚೆನ್ನಾಗಿರುತ್ತಿದ್ದವು. ಐದು ಮತ್ತು ಆರರಲ್ಲಿ ಅಂಕ ಇಳಿಯುತ್ತಿತ್ತು. ಪ್ರತಿ ಸಲವೂ ಹೀಗೆಯೇ. ಇದಕ್ಕೆ ಕಾರಣ ಏನು ಅಂದರೆ ಒಬ್ಬೊಬ್ಬರದು ಒಂದೊಂದು ಮಾತು. ಹುಡುಗಿ, “ಮೇಡಂ, ಕೊನೇಲಿ ಟೈಮ್ ಸಾಲಲ್ಲ, ಅವಸರ ಆಗುತ್ತೆ” ಅನ್ನುತ್ತಿದ್ದಳು. ಕೋಚ್ ಮೇಡಂಗೆ ಅನುಮಾನ ಇದ್ದದ್ದು ಅದರ ಉಲ್ಟಾ: ಅವಳು ಕೊನೆಗೆ ಜಾಸ್ತಿ ಹೊತ್ತು ಹಿಡಿಯುತ್ತಾಳೆ. ಅವಳ ಅಪ್ಪ ಪಿಸ್ತೂಲೇ ಬದಲಾಯಿಸಬೇಕೇನೋ ಅಂತ ಯೋಚಿಸುತ್ತಿದ್ದರು. ಒಳ್ಳೆಯ ಪಿಸ್ತೂಲ್ ಅಂದರೆ ಲಕ್ಷದ ಮಾತು. ಹಾಗಾಗಿ ಮೊದಲು ಅಳೆದು ನೋಡೋಣ ಅಂತ ಕೋಚ್ ಮೇಡಂ ನಮ್ಮ ಡಿಪ್ಲೊಮಾ ಕಾಲೇಜಿಗೆ ಬಂದರು. ನಾನು ಅಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಕೆಲಸ ಕೈಗೆತ್ತಿಕೊಂಡವನು ನನ್ನ ಕೊನೇ ವರ್ಷದ ವಿದ್ಯಾರ್ಥಿ. ಅವನು ಆ ಹುಡುಗಿಯ ದೊಡ್ಡಪ್ಪನ ಮಗ ಕೂಡ.

ಹಿಡಿಯುವುದು ಅಂದರೆ ಏನು ಅಂತ ಮೊದಲು ಹೇಳಬೇಕು. ನಿಯಮದ ಪ್ರಕಾರ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಅದರ ತೂಕ ಸುಮಾರು ಒಂದು ಕಿಲೋ. ಕೈ ಪೂರ್ತಿ ಚಾಚಿರುತ್ತದೆ. ಗುರಿಯ ಹತ್ತನೇ ವೃತ್ತದ ಅಗಲ ಬರೀ 11.5 ಮಿಲಿಮೀಟರ್. ಪಿಸ್ತೂಲ್ ಎತ್ತಿ ನೆಲೆಗೊಂಡ ಮೇಲೆ ಕೈ ಸ್ವಲ್ಪ ಹೊತ್ತು ಮಾತ್ರ ಸ್ಥಿರವಾಗಿರುತ್ತದೆ. ಆ ಹೊತ್ತು ದಾಟಿದರೆ ತೋಳು ದಣಿಯುತ್ತದೆ, ಉಸಿರು ಕಟ್ಟಿದ್ದು ಜಾಸ್ತಿಯಾಗುತ್ತದೆ, ಪಿಸ್ತೂಲಿನ ಮೇಲೆ ಗುರಿ ನೋಡುವ ಸೈಟ್ ಕಣ್ಣಿಗೆ ಮಸುಕಾಗುತ್ತದೆ. ಆಗ ಮಾಡಬೇಕಾದದ್ದು ಒಂದೇ: ಹೊಡೆಯದೆ ಕೈ ಇಳಿಸುವುದು. ಇಳಿಸಿ, ಉಸಿರಾಡಿ, ಮತ್ತೆ ಎತ್ತುವುದು. ಇದು ಹೇಳಲು ಸುಲಭ. ಸ್ಪರ್ಧೆಯ ನಡುವೆ ಎತ್ತಿದ ಕೈ ಇಳಿಸುವುದಕ್ಕೆ ಗಟ್ಟಿ ಮನಸ್ಸು ಬೇಕು.

ಮೈಕ್ ಇಟ್ಟರೆ ಸಾಕಾಗುವುದಿಲ್ಲ ಯಾಕೆ

ಅಂಗಡಿಯಲ್ಲಿ ಸಿಗುವ ಶಾಟ್ ಟೈಮರ್‌ಗಳು ಮದ್ದಿನ ಬಂದೂಕಿಗಾಗಿ ಮಾಡಿದವು. ಬೀಪ್ ಕೊಡುತ್ತವೆ, ಆಮೇಲೆ ಪ್ರತಿ ಢಮಾರ್ ಶಬ್ದದ ಸಮಯ ಬರೆದುಕೊಳ್ಳುತ್ತವೆ. ಬಂದೂಕಿನ ಸದ್ದು ಕಿವಿ ಕಿವುಡಾಗುವಷ್ಟು ಜೋರು. ಅದನ್ನು ಹಿಡಿಯುವುದು ಸುಲಭ. ಏರ್ ಪಿಸ್ತೂಲ್ ಹಾಗಲ್ಲ. ಅದರಲ್ಲಿ ಮದ್ದಿಲ್ಲ, ಒತ್ತಿಟ್ಟ ಗಾಳಿ ಮಾತ್ರ. ಸದ್ದು ಒಂದು ಜೋರಾದ ಚಪ್ಪಾಳೆಯಷ್ಟು. ಹೊರದೇಶದಿಂದ ಟೈಮರ್ ತರಿಸಿದರೆ ಹತ್ತು ಸಾವಿರ ದಾಟುತ್ತದೆ. ಅಷ್ಟು ಕೊಟ್ಟ ಮೇಲೂ ಅದು ಈ ಹಾಲ್‌ಗೆ ಹೊಂದುತ್ತದೆ ಅನ್ನುವ ಭರವಸೆ ಇರಲಿಲ್ಲ. ಹಾಗಾಗಿ ಆರ್ಡುಯಿನೋ ಊನೋ ಅನ್ನುವ, ಪ್ರೋಗ್ರಾಮ್ ಬರೆದು ನಡೆಸುವ ಸಣ್ಣ ಸರ್ಕ್ಯೂಟ್ ಬೋರ್ಡ್ ತಗೊಂಡೆವು. ಹುಡುಗರಿಗೆ ಅದು ಗೊತ್ತು, ಕೆಟ್ಟರೆ ಇನ್ನೊಂದು ತರಬಹುದು.

ಮೊದಲು ಹಾಕಿ ನೋಡಿದ್ದು ಎಲ್ಲರೂ ಹಾಕುವ ಮೈಕ್ ಮಾಡ್ಯೂಲ್. ಅದರಲ್ಲಿ ಸಣ್ಣ ಮೈಕ್, ಸಿಗ್ನಲನ್ನು ಒಂದು ಮಟ್ಟಕ್ಕೆ ಹೋಲಿಸಿ ನೋಡುವ ಎಲ್‌ಎಂ 393 ಕಂಪ್ಯಾರೇಟರ್ ಚಿಪ್, ಆ ಮಟ್ಟ ಹೊಂದಿಸಲು ತಿರುಗಿಸುವ ಒಂದು ಪ್ರಿಸೆಟ್ ಇರುತ್ತವೆ. ಸದ್ದು ಮಟ್ಟ ದಾಟಿದರೆ ಸಿಗ್ನಲ್ ಬರುತ್ತದೆ. ಮನೆಯಲ್ಲಿ ಚಪ್ಪಾಳೆ ಹೊಡೆದು ನೋಡಿದಾಗ ಎಲ್ಲ ಸರಿ ಇತ್ತು. ಗೋಡೌನ್‌ನಲ್ಲಿ ಒಂದು ಶಾಟ್ ಹೊಡೆದರೆ ಎರಡು ಅಂತ ತೋರಿಸಿತು.

ಫೋನ್‌ನಲ್ಲಿ ಸದ್ದು ರೆಕಾರ್ಡ್ ಮಾಡಿ, ಕಂಪ್ಯೂಟರ್‌ನಲ್ಲಿ ಅದರ ಅಲೆಯನ್ನು ಹಿಗ್ಗಿಸಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಮೊದಲ ಮೊನೆ ಪಿಸ್ತೂಲಿನದು. ಅದಾದ ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಇನ್ನೊಂದು ಮೊನೆ. ಎರಡನೆಯದು ಪೆಲೆಟ್ ಟ್ರಾಪ್‌ಗೆ ಬಡಿದ ಟಣ್ ಸದ್ದು. ಲೆಕ್ಕವೂ ಕೂಡುತ್ತದೆ. ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೋಗುತ್ತದೆ, ಹತ್ತು ಮೀಟರ್‌ಗೆ 67 ಮಿಲಿಸೆಕೆಂಡ್. ಆ ಸದ್ದು ವಾಪಸ್ ಬರಬೇಕು. ನಮ್ಮೂರಿನ ಬೇಸಿಗೆಯ 35 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 352 ಮೀಟರ್, ಅಂದರೆ ಇನ್ನೊಂದು 28 ಮಿಲಿಸೆಕೆಂಡ್. ಎರಡೂ ಸೇರಿ 95. ಈ ಲೆಕ್ಕ ಮಾಡಿಸುವಾಗ ನನಗೆ ತುಂಬಾ ಖುಷಿಯಾಯಿತು. ಪುಸ್ತಕದಲ್ಲಿ ಓದಿದ ಶಬ್ದದ ವೇಗ ಹೀಗೆ ಒಂದು ಗೋಡೌನ್‌ನಲ್ಲಿ ಎದುರಿಗೆ ಬಂದು ನಿಲ್ಲುವುದು ಅಪರೂಪ ಅಲ್ವಾ?

ಎರಡು ಸಲ ಎಣಿಸುವುದನ್ನು ತಪ್ಪಿಸುವುದು ಕಷ್ಟವಲ್ಲ. ಒಂದು ಸದ್ದು ಕೇಳಿದ ಮೇಲೆ ಸ್ವಲ್ಪ ಹೊತ್ತು ಕಿವಿ ಮುಚ್ಚಿಕೋ ಅಂತ ಪ್ರೋಗ್ರಾಮ್‌ನಲ್ಲಿ ಬರೆದರಾಯಿತು. ಕಷ್ಟ ಇದ್ದದ್ದು ಪಕ್ಕದ ಲೇನ್‌ನಲ್ಲಿ. ಲೇನ್‌ಗಳ ನಡುವೆ ಒಂದು ಮೀಟರ್‌ನಷ್ಟೇ ಅಂತರ. ಬಯಲಲ್ಲಿ ದೂರ ಎರಡು ಪಟ್ಟಾದರೆ ಶಬ್ದದ ಒತ್ತಡ ಅರ್ಧ ಆಗುತ್ತದೆ. ನಮ್ಮ ಮೈಕ್ ಪಿಸ್ತೂಲಿನಿಂದ ಅರ್ಧ ಮೀಟರ್ ದೂರ, ಪಕ್ಕದವರಿಂದ ಒಂದೂವರೆ ಮೀಟರ್. ಅವರ ಸದ್ದು ನಮ್ಮದರ ಮೂರರಲ್ಲಿ ಒಂದು ಭಾಗ ಇರಬೇಕು. ಅಷ್ಟು ವ್ಯತ್ಯಾಸ ಇದ್ದರೆ ಪ್ರಿಸೆಟ್ ತಿರುಗಿಸಿ ಬೇರೆ ಮಾಡಬಹುದಿತ್ತು. ಆದರೆ ತಗಡಿನ ಚಾವಣಿಯ ಕೆಳಗೆ ಆ ಲೆಕ್ಕ ನಡೆಯುವುದಿಲ್ಲ. ಖಾಲಿ ಕೊಡದೊಳಗೆ ಮಾತಾಡಿದ ಹಾಗೆ ಎಲ್ಲ ಕಡೆಯಿಂದ ಸದ್ದು ವಾಪಸ್ ಬರುತ್ತದೆ. ಮಟ್ಟ ಏರಿಸಿದರೆ ಅವಳ ಶಾಟ್ ತಪ್ಪುತ್ತದೆ, ಇಳಿಸಿದರೆ ಪಕ್ಕದ ಹುಡುಗನ ಶಾಟ್ ಸೇರಿಕೊಳ್ಳುತ್ತದೆ. ಕಿವಿ ಮುಚ್ಚುವ ಉಪಾಯವೂ ಇಲ್ಲಿ ತಿರುಗಿ ಬೀಳುತ್ತದೆ. ಪಕ್ಕದವನು ಹೊಡೆದ ಕ್ಷಣಕ್ಕೆ ಮೈಕ್ ಕಿವಿ ಮುಚ್ಚಿದರೆ, ಅದೇ ಹೊತ್ತಿಗೆ ಇವಳು ಹೊಡೆದದ್ದು ಕೇಳುವುದೇ ಇಲ್ಲ.

ಶಾಟ್ ಟೈಮರ್ ಅಂದರೆ ಸಮಯ ಅಳೆಯುವ ಯಂತ್ರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಮಯ ಅಳೆಯುವುದು ಅದರಲ್ಲಿ ಅತಿ ಸುಲಭದ ಭಾಗ. ಆ ಶಾಟ್ ಯಾರದು ಅಂತ ತೀರ್ಮಾನಿಸುವುದೇ ಕೆಲಸ.

ಪಿಸ್ತೂಲಿಗೇ ಒಂದು ಸೆನ್ಸರ್ ಅಂಟಿಸೋಣ ಅಂತ ನನ್ನ ವಿದ್ಯಾರ್ಥಿ ಕೇಳಿದ. ಕೋಚ್ ಒಪ್ಪಲಿಲ್ಲ, ಅವರದು ಸರಿಯಾದ ಮಾತು. ಪಿಸ್ತೂಲಿನ ಸಮತೋಲ ಕೈಗೆ ರೂಢಿಯಾಗಿರುತ್ತದೆ. ತಂತಿಯೊಂದು ನೇತಾಡಿದರೂ ಕೈಗೆ ಗೊತ್ತಾಗುತ್ತದೆ. ಅಳೆಯುವುದಕ್ಕೆ ಹೋಗಿ ಅಳೆಯಬೇಕಾದದ್ದನ್ನೇ ಬದಲಾಯಿಸಿದ ಹಾಗಾಗುತ್ತದೆ.

ಟ್ರಾಪ್‌ನ ಬೆನ್ನಿಗೆ ಕಿವಿ

ಪ್ರತಿ ಲೇನ್‌ಗೂ ಅದರದೇ ಟ್ರಾಪ್ ಇದೆ. ಅವಳ ಪೆಲೆಟ್ ಅವಳ ಟ್ರಾಪ್‌ಗೇ ಬಡಿಯುತ್ತದೆ. ಹಾಗಾದರೆ ಗಾಳಿಯಲ್ಲಿ ಬರುವ ಸದ್ದನ್ನು ಬಿಟ್ಟು ಆ ತಗಡಿನ ಕಂಪನವನ್ನೇ ಹಿಡಿಯಬಹುದು. ಇದಕ್ಕೆ ಬೇಕಾದದ್ದು ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಪೀಜೋ ಡಿಸ್ಕ್. ಬಜರ್‌ಗಳ ಒಳಗೆ ಇರುವ ಹಿತ್ತಾಳೆ ಬಿಲ್ಲೆ ಅದೇ. ಕರೆಂಟ್ ಕೊಟ್ಟರೆ ಸದ್ದು ಮಾಡುತ್ತದೆ, ಬಡಿದರೆ ಅದೇ ವೋಲ್ಟೇಜ್ ಕೊಡುತ್ತದೆ. 27 ಮಿಲಿಮೀಟರ್‌ನ ಒಂದು ಡಿಸ್ಕನ್ನು ಟ್ರಾಪ್‌ನ ಹಿಂಬದಿಗೆ, ಪೆಲೆಟ್ ತಾಗದ ಜಾಗದಲ್ಲಿ, ಅರಾಲ್ಡೈಟ್ ಹಾಕಿ ಅಂಟಿಸಿದೆವು. ಬಿಳಿ ಭಾಗಕ್ಕೆ ಬೆಸುಗೆ ಹಾಕುವಾಗ ಕಾವು ಬೇಗ ಕೊಟ್ಟು ಬೇಗ ತೆಗೆಯಬೇಕು, ಇಲ್ಲದಿದ್ದರೆ ಆ ಪದರ ಕಿತ್ತು ಬರುತ್ತದೆ.

ಈ ಬಿಲ್ಲೆ ಗಟ್ಟಿಯಾಗಿ ಬಡಿದರೆ ಹತ್ತಾರು ವೋಲ್ಟ್ ಕೊಡಬಲ್ಲದು. ಅದನ್ನು ನೇರ ಚಿಪ್‌ಗೆ ಕೊಟ್ಟರೆ ಚಿಪ್ ಹೋಗುತ್ತದೆ. ಅದಕ್ಕೇ ಡಿಸ್ಕ್‌ಗೆ ಅಡ್ಡಲಾಗಿ ಒಂದು ಮೆಗಾ ಓಮ್ ರೆಸಿಸ್ಟರ್, ಆಮೇಲೆ ಸಾಲಾಗಿ ಒಂದು 10 ಕಿಲೋ ಓಮ್, ಅದರಾಚೆ ವೋಲ್ಟೇಜ್ ಮಿತಿ ದಾಟದಂತೆ ತಡೆಯುವ 5.1 ವೋಲ್ಟ್‌ನ ಝೀನರ್ ಡಯೋಡ್. ಇಷ್ಟಾದ ಮೇಲೆ ಕಂಪ್ಯಾರೇಟರ್.

ಕಂಪ್ಯಾರೇಟರ್ ಎಲ್ಲಿರಬೇಕು ಅನ್ನುವುದು ಈ ಇಡೀ ಸರ್ಕ್ಯೂಟ್‌ನ ಮುಖ್ಯ ಪ್ರಶ್ನೆ. ಬೋರ್ಡ್ ಶೂಟರ್ ಹತ್ತಿರ, ಡಿಸ್ಕ್ ಹತ್ತು ಮೀಟರ್ ಆಚೆ. ಪೀಜೋದ ದುರ್ಬಲ ಸಿಗ್ನಲ್ ಅಷ್ಟುದ್ದ ತಂತಿಯಲ್ಲಿ ಬರುವಾಗ ದಾರಿಯಲ್ಲಿರುವ ಟ್ಯೂಬ್‌ಲೈಟು, ಫ್ಯಾನುಗಳ 50 ಹರ್ಟ್ಸ್ ಗುಂಯ್‌ಗುಡಿಕೆಯನ್ನೆಲ್ಲ ಹೊತ್ತು ತರುತ್ತದೆ. ಅದಕ್ಕೆ ಕಂಪ್ಯಾರೇಟರನ್ನು ಟ್ರಾಪ್ ಹತ್ತಿರವೇ ಒಂದು ಡಬ್ಬಿಯಲ್ಲಿ ಇಟ್ಟೆವು. ಬಡಿಯಿತು, ಬಡಿಯಲಿಲ್ಲ ಅನ್ನುವ ಎರಡೇ ಮಾತು ತಂತಿಯಲ್ಲಿ ಬಂದರೆ ಸಾಕು. ತಂತಿಗೆ ಹಳೆಯ ಲ್ಯಾನ್ ಕೇಬಲ್. ಅದರ ಜೋಡಿಗಳು ಹೆಣೆದಿರುತ್ತವೆ, ಅದೂ ಒಳ್ಳೆಯದೇ. ಒಂದು ವಿಷಯ ನೆನಪಿಡಬೇಕು: ಎಲ್‌ಎಂ 393 ತನ್ನ ಔಟ್‌ಪುಟ್ಟನ್ನು ಕೆಳಗೆ ಎಳೆಯಬಲ್ಲದು, ಮೇಲೆ ತಳ್ಳಲಾರದು. ಬೋರ್ಡ್ ಕಡೆ 5 ವೋಲ್ಟ್‌ಗೆ ಒಂದು ಪುಲ್‌ಅಪ್ ರೆಸಿಸ್ಟರ್ ಹಾಕಲೇಬೇಕು. ನಾವು 4.7 ಕಿಲೋ ಓಮ್ ಹಾಕಿದೆವು.

ಡಿಸ್ಕ್ ಅಂಟಿಸಲು ಟ್ರಾಪ್ ಕಡೆ ಹೋಗುವಾಗಲೆಲ್ಲ ಹಾಲ್‌ನ ನಿಯಮ ಒಂದೇ. ಎಲ್ಲ ಲೇನ್‌ನಲ್ಲೂ ಪಿಸ್ತೂಲ್ ಬೆಂಚಿನ ಮೇಲೆ, ನಳಿಗೆಯಲ್ಲಿ ಸೇಫ್ಟಿ ಫ್ಲ್ಯಾಗ್, ಶೂಟರ್‌ಗಳು ಹಿಂದೆ. ಒಂದೇ ಒಂದು ಬೆಸುಗೆ ಸರಿ ಮಾಡಬೇಕಿದ್ದರೂ ಕೋಚ್ ಹೇಳುವವರೆಗೆ ಯಾರೂ ಗೆರೆ ದಾಟುವಂತಿಲ್ಲ. ಪೆಲೆಟ್ ಸೀಸದ್ದು, ಟ್ರಾಪ್ ಮುಟ್ಟಿದವರು ಕೈ ತೊಳೆದೇ ಮಂಡಕ್ಕಿಗೆ ಕೈ ಹಾಕಬೇಕು. ಇವೆರಡರಲ್ಲಿ ಮೇಡಂ ಯಾರ ಮಾತೂ ಕೇಳುವುದಿಲ್ಲ. ನನ್ನ ವಿದ್ಯಾರ್ಥಿಗೆ ಇದೂ ಒಂದು ಪಾಠವಾಯಿತು.

ಈಗ ಕಿವಿ ಮುಚ್ಚುವ ಉಪಾಯ ಸಲೀಸಾಗಿ ಕೂಡಿಬಂತು. ಈ ಸ್ಪರ್ಧೆಯಲ್ಲಿ ಒಂದೊಂದೇ ಪೆಲೆಟ್ ತುಂಬಿಸಿ ಹೊಡೆಯಬೇಕು. ಎರಡು ಸೆಕೆಂಡ್‌ನೊಳಗೆ ಇನ್ನೊಂದು ಶಾಟ್ ಸಾಧ್ಯವೇ ಇಲ್ಲ. ಹಾಗಾಗಿ ಒಂದು ಬಡಿತ ಬಂದ ಮೇಲೆ ಎರಡು ಸೆಕೆಂಡ್ ಏನೇ ಬಂದರೂ ಲೆಕ್ಕಕ್ಕಿಲ್ಲ. ತಗಡು ಎಷ್ಟೇ ಹೊತ್ತು ಗುಂಯ್‌ಗುಟ್ಟಲಿ, ಪರವಾಗಿಲ್ಲ. ಪೆಲೆಟ್ ಹಾರುವ 67 ಮಿಲಿಸೆಕೆಂಡ್ ಪ್ರತಿ ಶಾಟ್‌ಗೂ ಹೆಚ್ಚುಕಡಿಮೆ ಒಂದೇ. ಬೇಕಿದ್ದರೆ ಕಳೆಯಬಹುದು, ಎರಡು ಶಾಟ್‌ಗಳ ನಡುವಿನ ಅಂತರಕ್ಕೆ ಅದೂ ಬೇಡ.

ಎರಡು ಕಿರಿಕಿರಿ ಉಳಿದವು. ಟ್ರಾಪ್‌ಗಳೆಲ್ಲ ಒಂದೇ ಉದ್ದನೆಯ ಆಂಗಲ್ ಕಬ್ಬಿಣಕ್ಕೆ ಬೋಲ್ಟ್ ಆಗಿದ್ದವು, ಪಕ್ಕದ ಬಡಿತ ಅದರ ಮೂಲಕ ಸಾಗಿ ಬರುತ್ತಿತ್ತು. ನಡುವೆ ರಬ್ಬರ್ ತುಂಡು ಕೊಟ್ಟು ಬಿಗಿದ ಮೇಲೆ ಅದು ಕಡಿಮೆಯಾಯಿತು. ಇನ್ನೊಂದು, ರಾಟೆಯಲ್ಲಿ ಹೋದ ಕಾರ್ಡಿನ ಚೌಕಟ್ಟು ಟ್ರಾಪ್‌ಗೆ ತಾಗಿದರೆ ಅದೂ ಒಂದು ಶಾಟ್ ಅಂತ ಬರುತ್ತಿತ್ತು. ಇದಕ್ಕೆ ಉತ್ತರ ಬೇರೆ ಕಡೆಯಿಂದ ಸಿಕ್ಕಿತು.

ಎತ್ತಿದ್ದು ಯಾವಾಗ?

ಕೋಚ್‌ಗೆ ಬೇಕಿದ್ದದ್ದು ಶಾಟ್‌ಗಳ ನಡುವಿನ ಅಂತರ ಅಲ್ಲವೇ ಅಲ್ಲ. ಆ ಅಂತರದಲ್ಲಿ ರಾಟೆ ತಿರುಗಿಸಿದ್ದು, ಕಾರ್ಡ್ ಬದಲಾಯಿಸಿದ್ದು, ನೀರು ಕುಡಿದದ್ದು ಎಲ್ಲ ಸೇರಿರುತ್ತದೆ. ಬೇಕಿದ್ದದ್ದು ಪಿಸ್ತೂಲ್ ಎತ್ತಿದ ಕ್ಷಣದಿಂದ ಶಾಟ್‌ವರೆಗಿನ ಸಮಯ. ಅದಕ್ಕೆ ಬೆಂಚಿನ ಮೇಲೆ ಪಿಸ್ತೂಲ್ ಇಡುವ ಜಾಗದಲ್ಲಿ ತೆಳು ಪ್ಲೈವುಡ್‌ನ ಒಂದು ಹಲಗೆ, ಅದರ ಕೆಳಗೆ ಒಂದು ಮೈಕ್ರೋಸ್ವಿಚ್. ಪಿಸ್ತೂಲ್ ಇದ್ದರೆ ಸ್ವಿಚ್ ಒತ್ತಿರುತ್ತದೆ, ಎತ್ತಿದರೆ ಬಿಡುತ್ತದೆ. ಪೆಲೆಟ್ ತುಂಬಿಸಲು ಎತ್ತುವುದನ್ನು ಬೇರೆ ಮಾಡಬೇಕಲ್ಲ? ಅವಳು ತುಂಬಿಸಿದ ಮೇಲೆ ಮತ್ತೆ ಬೆಂಚಿಗೆ ಇಟ್ಟು, ಒಮ್ಮೆ ಉಸಿರಾಡಿ, ಆಮೇಲೆ ಎತ್ತುತ್ತಾಳೆ. ಶಾಟ್‌ಗೆ ಮುಂಚಿನ ಕೊನೆಯ ಎತ್ತುವಿಕೆಯಿಂದ ಶಾಟ್‌ವರೆಗಿನ ಹೊತ್ತೇ ಹೋಲ್ಡ್. ಶಾಟ್ ಇಲ್ಲದೆ ಎತ್ತಿ ಇಳಿಸಿದ್ದೂ ದಾಖಲಾಗುತ್ತದೆ. ಶಾಟ್ ಆದ ಮೇಲಿನ ಮೊದಲ ಎತ್ತುವಿಕೆ ಪೆಲೆಟ್ ತುಂಬಿಸಲು, ಅದನ್ನು ಬಿಟ್ಟು ಮಿಕ್ಕವು ಇಳಿಸಿದ ಲೆಕ್ಕ.

ಇದರಿಂದ ರಾಟೆಯ ಕಿರಿಕಿರಿಯೂ ತೀರಿತು. ರಾಟೆ ತಿರುಗಿಸುವಾಗ ಪಿಸ್ತೂಲ್ ಬೆಂಚಿನ ಮೇಲೇ ಇರುತ್ತದೆ. ಪಿಸ್ತೂಲ್ ಎತ್ತಿದ್ದಾಗ ಬಂದ ಬಡಿತ ಮಾತ್ರ ಶಾಟ್. ಒಂದು ಸೆನ್ಸರ್ ಇನ್ನೊಂದರ ಮಾತಿಗೆ ಸಾಕ್ಷಿ ನಿಂತಿತು. ಈ ಯಂತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

ಪ್ರೋಗ್ರಾಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಟರಪ್ಟ್ ಅಂದರೆ ಸಿಗ್ನಲ್ ಬಂದ ತಕ್ಷಣ ಚಿಪ್ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಅದರ ಕಡೆ ತಿರುಗುವುದು. ಊನೋದಲ್ಲಿ 2 ಮತ್ತು 3ನೇ ಪಿನ್‌ಗಳು ಅದಕ್ಕೆ ಸಿಗುತ್ತವೆ. ಒಂದು ಟ್ರಾಪ್‌ಗೆ, ಒಂದು ಸ್ವಿಚ್‌ಗೆ. ಇಂಟರಪ್ಟ್ ಒಳಗೆ ಸಮಯ ಬರೆದಿಟ್ಟು ಹೊರಗೆ ಬರಬೇಕು, ಅಷ್ಟೇ. ಎಸ್‌ಡಿ ಕಾರ್ಡ್‌ಗೆ ಬರೆಯುವುದು ಕೆಲವೊಮ್ಮೆ ನಿಧಾನವಾಗುತ್ತದೆ, ಆದರೆ ಸಮಯ ಆಗಲೇ ಹಿಡಿದಾಗಿರುವುದರಿಂದ ತೊಂದರೆಯಿಲ್ಲ. ಸ್ವಿಚ್ ಬಿಡುವಾಗ ಕುಣಿದು ಒಂದರ ಬದಲು ಹಲವು ಸಿಗ್ನಲ್ ಕೊಡುತ್ತದೆ, ಅದಕ್ಕೆ 50 ಮಿಲಿಸೆಕೆಂಡ್ ಬಿಟ್ಟೆವು.

ಸಮಯದ ವಿಷಯದಲ್ಲಿ ಎಡವುವ ಜಾಗ ಒಂದಿದೆ, ಅದನ್ನು ಹೇಳಲೇಬೇಕು. ಆರ್ಡುಯಿನೋದಲ್ಲಿ ಮೈಕ್ರೋಸ್ ಅನ್ನುವ ಎಣಿಕೆ 32 ಬಿಟ್‌ನದು. ಅದು 71 ನಿಮಿಷ 35 ಸೆಕೆಂಡ್‌ಗೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ನಮ್ಮ ಸ್ಪರ್ಧೆ 75 ನಿಮಿಷ! ಒಂದು ಎಣಿಕೆಯಿಂದ ಇನ್ನೊಂದನ್ನು ಸರಿಯಾಗಿ ಕಳೆದರೆ ಶಾಟ್ ನಡುವಿನ ಅಂತರ ಕೆಡುವುದಿಲ್ಲ. ಆದರೆ ಶುರುವಿನಿಂದ ಒಟ್ಟು ಎಷ್ಟಾಯಿತು ಅಂತ ನೋಡಿದರೆ ಕೊನೆಯ ಮೂರೂವರೆ ನಿಮಿಷ ಎಲ್ಲ ಏರುಪೇರು. ಕೊನೆಯ ಸೀರೀಸ್‌ನಲ್ಲೇ ತೊಂದರೆ ಇರುವ ಹುಡುಗಿಗೆ ಅಲ್ಲೇ ಸುಳ್ಳು ಹೇಳುವ ಟೈಮರ್ ಕೊಟ್ಟ ಹಾಗಾಗುತ್ತಿತ್ತು. ನಮಗೆ ಮೈಕ್ರೋಸೆಕೆಂಡ್ ಬೇಕಾಗಿಯೇ ಇಲ್ಲ. ಮಿಲಿಸ್ ಎಣಿಕೆ ಸುಮಾರು 50 ದಿನ ಬರುತ್ತದೆ, ಅದನ್ನೇ ಬಳಸಿದೆವು.

ಬೋರ್ಡಿನ ಗಡಿಯಾರವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಊನೋದಲ್ಲಿ ಚಿಪ್‌ನ ತಾಳ ಹಿಡಿಯುವುದು ಸಿರಾಮಿಕ್ ರೆಸೊನೇಟರ್. ಅದರಲ್ಲಿ ಶೇ. 0.5ರಷ್ಟು ವ್ಯತ್ಯಾಸ ಇರಬಹುದು. 75 ನಿಮಿಷಕ್ಕೆ ಅದು 22 ಸೆಕೆಂಡ್ ಆಗುತ್ತದೆ. ಹತ್ತು ಸೆಕೆಂಡಿನ ಹೋಲ್ಡ್ ಅಳೆಯುವಾಗ ಇದು ಏನೂ ಅಲ್ಲ, ಒಟ್ಟು ಸಮಯಕ್ಕೆ ಮಾತ್ರ ತೊಡಕು. ಒಟ್ಟು ಸಮಯಕ್ಕೆ ಡಿಎಸ್ 3231 ಗಡಿಯಾರದ ಚಿಪ್ ಸೇರಿಸಿದೆವು. ಅದರ ವ್ಯತ್ಯಾಸ ಹತ್ತು ಲಕ್ಷಕ್ಕೆ ಎರಡರಷ್ಟು ಮಾತ್ರ. ಕರೆಂಟ್ ಹೋಗುವ ಊರು ನಮ್ಮದು, ಪವರ್ ಬ್ಯಾಂಕ್ ಹಾಕಿದರೆ ಇಷ್ಟು ಕಡಿಮೆ ಕರೆಂಟ್ ಎಳೆಯುವುದನ್ನು ಕಂಡು ಅದು ತಾನೇ ಆಫ್ ಆಗುತ್ತಿತ್ತು. ರೌಟರ್‌ಗೆ ಇಡುವ 12 ವೋಲ್ಟ್ ಮಿನಿ ಯುಪಿಎಸ್ ಸರಿಹೋಯಿತು.

ಹಾಳೆ ಏನು ಹೇಳಿತು

ಪೂರ್ತಿ 60 ಶಾಟ್‌ಗಳ ಅಭ್ಯಾಸ ಸ್ಪರ್ಧೆಗಳನ್ನು ದಾಖಲು ಮಾಡಿದೆವು. ಕೋಚ್ ಪ್ರತಿ ಶಾಟ್‌ನ ಅಂಕವನ್ನು ಪಕ್ಕದಲ್ಲಿ ಬರೆದರು.

ಮೊದಲ ಸೀರೀಸ್‌ಗಳಲ್ಲಿ ಅವಳ ಹೋಲ್ಡ್ ಎಂಟರಿಂದ ಹತ್ತು ಸೆಕೆಂಡಿನ ಆಸುಪಾಸು ಇತ್ತು. ನಡುನಡುವೆ ಹೊಡೆಯದೆ ಇಳಿಸಿದ್ದೂ ಇತ್ತು. ಐದನೇ ಸೀರೀಸ್‌ನಿಂದ ಹೋಲ್ಡ್ ಉದ್ದವಾಗುತ್ತಾ ಹೋಗಿ ಹದಿನೈದು ಸೆಕೆಂಡ್ ದಾಟುತ್ತಿತ್ತು. ಕಡಿಮೆ ಅಂಕ ಬಂದ ಶಾಟ್‌ಗಳೆಲ್ಲ ಹೆಚ್ಚಾಗಿ ಅಲ್ಲೇ ಇದ್ದವು. ಇಷ್ಟನ್ನು ಕೋಚ್ ಮೊದಲೇ ಊಹಿಸಿದ್ದರು. ಅವರು ಊಹಿಸದೆ ಇದ್ದದ್ದು ಇನ್ನೊಂದು ಕಾಲಮ್. ಕೊನೆಯ ಎರಡು ಸೀರೀಸ್‌ನಲ್ಲಿ ಅವಳು ಒಮ್ಮೆಯೂ ಕೈ ಇಳಿಸಿರಲಿಲ್ಲ. ಎತ್ತಿದರೆ ಹೊಡೆದೇ ತೀರುತ್ತಿದ್ದಳು.

ಒಟ್ಟು ಸಮಯವನ್ನೂ ನೋಡಿದೆವು. ಕಾಗದದ ಟಾರ್ಗೆಟ್‌ಗೆ ನಿಯಮದಲ್ಲಿ 90 ನಿಮಿಷ ಇದೆ, ಯಾಕೆಂದರೆ ಕಾರ್ಡ್ ಬದಲಾಯಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಅವಳು ರಾಟೆ ತಿರುಗಿಸಿಕೊಂಡು, ಕಾರ್ಡ್ ಬದಲಾಯಿಸಿಕೊಂಡು, 75 ನಿಮಿಷಕ್ಕೂ ಮುಂಚೆಯೇ ಮುಗಿಸುತ್ತಿದ್ದಳು. ಎಲೆಕ್ಟ್ರಾನಿಕ್ ಟಾರ್ಗೆಟ್‌ನಲ್ಲಿ ಆ ಕೆಲಸವೂ ಇರುವುದಿಲ್ಲ. ಸಮಯ ಸಾಲದು ಅನ್ನುವ ಮಾತಿಗೆ ಆಧಾರವೇ ಇರಲಿಲ್ಲ. ಆದರೆ ಆ ಭಯ ನಿಜವಾಗಿತ್ತು, ಅದರ ಕೆಲಸ ಹಾಳೆಯಲ್ಲಿ ಕಾಣುತ್ತಿತ್ತು. ಇಳಿಸಿದರೆ ಹೊತ್ತು ಹೋಗುತ್ತದೆ ಅಂತ ಹೆದರಿ ಇಳಿಸುತ್ತಿರಲಿಲ್ಲ. ಇಳಿಸದೆ ಹಿಡಿದು ನಿಂತಾಗ ಶಾಟ್ ಕೆಡುತ್ತಿತ್ತು.

ಹಾಳೆ ನೋಡಿ ಹುಡುಗಿ, “ಇಷ್ಟೊಂದು ಟೈಮ್ ಉಳಿದಿತ್ತಾ ಅಣ್ಣ?” ಅಂತ ತನ್ನ ಅಣ್ಣನನ್ನು ಕೇಳಿದಳು. ಅವನು ಗಡಿಯಾರದ ಚಿಪ್‌ನ ಲೆಕ್ಕ ವಿವರಿಸಲು ಹೊರಟ. ಮೇಡಂ ತಡೆದು, “ಉಳಿದಿತ್ತು ಕಣಮ್ಮ. ಇನ್ನು ಮೇಲೆ ಅದನ್ನ ಇಳಿಸೋಕೆ ಖರ್ಚು ಮಾಡು” ಅಂದರು.

ಹೋಲ್ಡ್ ಹತ್ತು ಸೆಕೆಂಡ್ ದಾಟಿದರೆ ಬೀಪ್ ಕೊಡುವ ಹಾಗೆ ಮಾಡೋಣವೇ ಅಂತ ನಾನು ಕೇಳಿದ್ದೆ. ಯಂತ್ರಕ್ಕೆ ಅದು ಒಂದು ಸಾಲಿನ ಕೆಲಸ. ಕೋಚ್ ಬೇಡ ಅಂದರು. ಸ್ಪರ್ಧೆಯಲ್ಲಿ ಸದ್ದು ಮಾಡುವ ಯಾವ ಸಾಧನಕ್ಕೂ ಅವಕಾಶವಿಲ್ಲ. ಬೀಪ್‌ಗೆ ಕಿವಿ ಒಗ್ಗಿದರೆ ಬೀಪ್ ಇಲ್ಲದ ಕಡೆ ಏನು ಮಾಡುತ್ತಾಳೆ? ಹೊತ್ತು ಮೀರಿದ್ದು ಅವಳ ತೋಳಿಗೇ ಗೊತ್ತಾಗಬೇಕು. ಅದಕ್ಕೇ ಪುಟ್ಟ ಡಿಸ್‌ಪ್ಲೇಯನ್ನು ಕೂಡ ಅವಳಿಗೆ ಕಾಣದ ಹಾಗೆ ಕೋಚ್ ಕುರ್ಚಿಯ ಕಡೆ ತಿರುಗಿಸಿದೆವು. ಬಜರ್ ಬಳಕೆಯಾಗುವುದು ಫೈನಲ್ ಅಭ್ಯಾಸಕ್ಕೆ ಮಾತ್ರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದ ಫೈನಲ್ ನೆನಪಿದೆಯಲ್ಲ? ಅಲ್ಲಿ ಮೊದಲು ಐದೈದು ಶಾಟ್‌ಗಳ ಎರಡು ಸೀರೀಸ್, ಒಂದೊಂದಕ್ಕೆ 250 ಸೆಕೆಂಡ್. ಆಮೇಲೆ ಒಂದೊಂದೇ ಶಾಟ್, ತಲಾ 50 ಸೆಕೆಂಡ್. ಆ 50 ಸೆಕೆಂಡಿನ ಶುರು ಮತ್ತು ಕೊನೆಗೆ ನಮ್ಮ ಯಂತ್ರ ಬಜರ್ ಹೊಡೆಯುತ್ತದೆ. 50 ಸೆಕೆಂಡ್‌ನೊಳಗೆ ಒಮ್ಮೆ ಇಳಿಸಿ ಮತ್ತೆ ಎತ್ತಿ ಹೊಡೆಯಬಹುದು ಅಂತ ಅವಳಿಗೆ ಅನುಭವದಿಂದಲೇ ಗೊತ್ತಾಯಿತು.

ಕೋಚ್ ಕೊಟ್ಟ ಅಭ್ಯಾಸ ಸರಳ. ಪ್ರತಿ ಸೀರೀಸ್‌ನಲ್ಲಿ ಎರಡು ಸಲ ಬೇಕೆಂದೇ ಇಳಿಸಬೇಕು, ಹೋಲ್ಡ್ ಚೆನ್ನಾಗಿದ್ದರೂ ಸರಿ. ಶುರುವಿನಲ್ಲಿ ಅವಳಿಗೆ ಇದು ಹಿಡಿಸಲಿಲ್ಲ. ಆಮೇಲಿನ ಹಾಳೆಗಳಲ್ಲಿ ಕೊನೆಯ ಸೀರೀಸ್‌ನಲ್ಲೂ ಇಳಿಸಿದ ಗುರುತು ಬರತೊಡಗಿತು. ಹದಿನೈದು ಸೆಕೆಂಡಿನ ಹೋಲ್ಡ್ ಅಪರೂಪವಾಯಿತು. ಆರನೇ ಸೀರೀಸ್ ಈಗಲೂ ಅವಳ ಅತ್ಯುತ್ತಮ ಸೀರೀಸ್ ಅಲ್ಲ, ಆದರೆ ಮೊದಲಿನ ಹಾಗೆ ಕುಸಿಯುವುದಿಲ್ಲ. ಪಿಸ್ತೂಲ್ ಬದಲಾಯಿಸುವ ಮಾತು ಮನೆಯಲ್ಲಿ ನಿಂತಿದೆ.

ಪಕ್ಕದ ಲೇನ್‌ನ ಹುಡುಗನಿಗೂ ಈಗ ಒಂದು ಬೇಕಂತೆ. ಅವನ ಟ್ರಾಪ್‌ನ ಒಳಗೆ ಸದ್ದು ತಗ್ಗಲೆಂದು ಹಿಂದೆ ಯಾರೋ ದಪ್ಪ ರಬ್ಬರ್ ಹಾಳೆ ಹಾಕಿದ್ದಾರೆ, ಪೀಜೋಗೆ ಅಲ್ಲಿ ಬರುವ ಸಿಗ್ನಲ್ ತೀರಾ ಕಡಿಮೆ. ಪ್ರಿಸೆಟ್ ಇಳಿಸಿದರೆ ಆಂಗಲ್ ಕಬ್ಬಿಣದ ಕಂಪನ ಸೇರಿಕೊಳ್ಳುತ್ತದೆ. ರಬ್ಬರ್ ಹಾಳೆಯ ಮೇಲ್ಭಾಗಕ್ಕೆ ಒಂದು ತೆಳು ತಗಡು ಕೂರಿಸಿ, ಡಿಸ್ಕನ್ನು ಅದರ ಅಂಚಿಗೆ ಅಂಟಿಸಿ ನೋಡುತ್ತಿದ್ದೇವೆ.